ಮೈಕಿನಾಚೆಯ ದನಿ

ಮರ್ಕಂಜದ ಉದಯಣ್ಣನನ್ನು ಮುಖ ನೋಡಿ ಗುರುತಿಸುವವರಿಗಿಂತ ದನಿ ಕೇಳಿ ಗುರುತಿಸುವವರೇ ಸುಳ್ಯ, ಕಡಬ, ಪುತ್ತೂರಿನ ಕಡೆ ಹೆಚ್ಚಿದ್ದರು. ಕಬಡ್ಡಿ ಪಂದ್ಯಾಟ ಎಲ್ಲೇ ಇರಲಿ, ಮೈಕ್ ಹಿಡಿದು ವಿವರಣೆ ಕೊಡಲಿಕ್ಕೆ ಅವರೇ ಆಗಬೇಕು. ರೈಡರ್ ಗೆರೆ ದಾಟುವಾಗ ದನಿ ತಗ್ಗಿಸಿ, ಎದುರಿನವರು ಅವನನ್ನು ಹಿಡಿದು ಕೆಡವುವ ಹೊತ್ತಿಗೆ ಅದನ್ನು ತೆಂಗಿನ ತುದಿಗೆ ಏರಿಸಿ, ಕನ್ನಡ, ತುಳು, ಅರೆಭಾಷೆ ಮೂರನ್ನೂ ಒಂದೇ ಉಸಿರಿಗೆ ಬೆರೆಸಿ ಹೇಳುತ್ತಿದ್ದರು. ಆ ಗಂಟಲಿನಲ್ಲಿ ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಪುತ್ತೂರಿನಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ ಇದೆ. ಅದರ ವಾಕ್ ಚಿಕಿತ್ಸಾ ಕೇಂದ್ರದ ಥೆರಪಿಸ್ಟ್ ಶಹನಾ ಉದಯಣ್ಣನಿಗೊಂದು ದಾರಿ ತೋರಿಸಿದಳು. ಶಸ್ತ್ರಚಿಕಿತ್ಸೆಗೆ ಮೊದಲು ಸಾಕಷ್ಟು ಮಾತನ್ನು ರೆಕಾರ್ಡ್ ಮಾಡಿಟ್ಟರೆ, ಗಾಯ ಮಾಗಿದ ಮೇಲೆ ಬೆಂಗಳೂರಿನ ಒಂದು ಸಂಸ್ಥೆ ಅದರಿಂದ ಮೊಬೈಲಿಗೆ ಹಾಕುವ ದನಿ ತಯಾರಿಸಿ ಕೊಡುತ್ತದೆ. ಉದಯಣ್ಣ ಟೈಪ್ ಮಾಡಿದ್ದನ್ನು ಮೊಬೈಲು ಉದಯಣ್ಣನ ದನಿಯಲ್ಲೇ ಹೇಳುತ್ತದೆ. ಅವರು ಒಪ್ಪಿದರು. ಹೆಂಡತಿ ಕುಮುದಿನಿಯನ್ನೂ ಕರೆದುಕೊಂಡು ದಿನಾ ಪುತ್ತೂರಿಗೆ ಬರತೊಡಗಿದರು.

ಮೊದಲ ದಿನ ರೆಕಾರ್ಡಿಂಗ್ ಕೋಣೆಯ ಕಂಪ್ಯೂಟರು ಸರ್ವರ್ ಜೊತೆ ಸೇರದೆ ಹಟ ಮಾಡಿತು. ಅದನ್ನು ಸರಿಪಡಿಸಲಿಕ್ಕೆ ಬಂದವಳು ಶಾಂಭವಿ. ಟ್ರಸ್ಟಿನ ಕಂಪ್ಯೂಟರುಗಳ ಜವಾಬ್ದಾರಿ ಎಲ್ಲ ಅವಳದ್ದು. ಮನೆ ಕಡಬದ ಹತ್ತಿರ ಕೋಡಿಂಬಾಳ. ಅವಳು ಮೇಜಿನ ಅಡಿಗೆ ಬಗ್ಗಿ ವಯರು ಹುಡುಕುತ್ತಿದ್ದಾಗ ಮೇಲಿನಿಂದ ಒಂದು ದನಿ ಕೇಳಿಸಿತು.

“ಇಗೋ, ಕೋಡಿಂಬಾಳದ ರೈಡರ್ ಒಳಗೆ ನುಗ್ಗಿದ್ದಾರೆ! ಎಡಗೈಯಲ್ಲಿ ವಯರು, ಬಲಗೈಯಲ್ಲಿ ಟಾರ್ಚು, ಮುಟ್ಟಿದ್ರು, ಮುಟ್ಟಿದ್ರು... ಬೋನಸ್ ಉಂಟಾ? ಉಂಟು ಮಾರಾಯ್ರೆ!”

ದನಿ ಆಗಲೇ ಸ್ವಲ್ಪ ಒಡೆದಿತ್ತು. ಆದರೂ ಶಾಂಭವಿ ನಗು ತಡೆಯಲಾರದೆ ಮೇಜಿಗೆ ತಲೆ ತಾಗಿಸಿಕೊಂಡಳು.

ಶಹನಾ ಕೊಟ್ಟ ವಾಕ್ಯಗಳನ್ನು ಅವರು ಒಂದೊಂದಾಗಿ ಓದಿದರು. ಆದರೆ ಓದಿದ್ದೆಲ್ಲ ವಿವರಣೆಯಂತೆ ಏರಿ ಇಳಿಯುತ್ತಿತ್ತು. ಕೊನೆಗೆ ಶಹನಾ ಕುಮುದಿನಿಯನ್ನು ಅವರ ಎದುರು ಕೂರಿಸಿದಳು. “ಅಕ್ಕ, ಇಲ್ಲಿ ಮೈಕ್ ಉಂಟು ಅಂತ ಮರೆತುಬಿಡಿ. ಮನೆಯಲ್ಲಿ ಹೇಗೆ ಮಾತಾಡುದು, ಹಾಗೇ ಮಾತಾಡಿ.”

ಗಂಡ ಹೆಂಡತಿ ಸ್ವಲ್ಪ ನಾಚಿಕೊಂಡರು. ಆಮೇಲೆ ಅರೆಭಾಷೆಯಲ್ಲಿ ಮಾತು ಹರಿಯಿತು. ಪಂಪಿನ ವಾಷರು ಹೋದದ್ದು, ಮಗಳು ಭವಿತಾ ಹಾಸ್ಟೆಲಿನಲ್ಲಿ ಸರಿಯಾಗಿ ಊಟ ಮಾಡದೆ ಇರುವುದು, ಕಳೆದ ವರ್ಷ ಹಲಸಿನ ಹಪ್ಪಳ ಮಳೆಗೆ ಹಾಳಾದದ್ದು. ಗಾಜಿನ ಆಚೆ ನಿಂತಿದ್ದ ಶಾಂಭವಿಗೆ ಅದು ಅದೇ ಮನುಷ್ಯನ ದನಿ ಅಂತ ನಂಬಲಾಗಲಿಲ್ಲ. ಅಷ್ಟು ಮೆಲ್ಲಗಿತ್ತು. ಮಾತಿನ ಕೊನೆಯಲ್ಲಿ ಒಂದು ಸಣ್ಣ ಎಳೆತ, ಹೆಂಡತಿ ಉತ್ತರ ಕೊಡಲಿ ಎಂದು ಕಾಯುವಂತೆ.

“ಇವರು ಮನೆಯಲ್ಲಿ ಮಾತಾಡಿದ್ರೆ ಪಕ್ಕದ ಕೋಣೆಗೂ ಕೇಳುದಿಲ್ಲ,” ಅಂದರು ಕುಮುದಿನಿ, ಹೊರಗೆ ಬಂದ ಮೇಲೆ. “ಗೌಜಿ ಎಲ್ಲ ಊರಿಗೆ.”

ಅದರ ಮರುವಾರ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಹೋಯಿತು, ದನಿಯೂ ಹೋಯಿತು. ಕುತ್ತಿಗೆಯಲ್ಲಿ ಉಸಿರಾಡಲಿಕ್ಕೆ ಒಂದು ತೂತು ಉಳಿಯಿತು. ಆಮೇಲೆ ವಿಕಿರಣ ಚಿಕಿತ್ಸೆ ಶುರುವಾಯಿತು.

ಅದೇ ತಿಂಗಳುಗಳಲ್ಲಿ ಶಾಂಭವಿಯ ಸರ್ವರ್ ಕೋಣೆಯಲ್ಲಿ ಬೇರೆಯೇ ಕೆಲಸ ನಡೆಯುತ್ತಿತ್ತು. ಪುತ್ತೂರಿನ ಆಸ್ಪತ್ರೆ, ನರ್ಸಿಂಗ್ ಕಾಲೇಜು, ಸುಳ್ಯ ಮತ್ತು ಕಡಬದ ಕ್ಲಿನಿಕ್ಕುಗಳು ಎಲ್ಲದರ ವ್ಯವಹಾರವೂ ಆ ಒಂದು ಕೋಣೆಯ ಕೆಲವು ದೊಡ್ಡ ಸರ್ವರುಗಳ ಮೇಲೆ ನಿಂತಿತ್ತು. ಟ್ರಸ್ಟಿನ ಸ್ವಂತ ಕ್ಲೌಡ್ ಅದು. ಒಂದು ಸರ್ವರನ್ನು ಒಳಗಿಂದೊಳಗೇ ಹತ್ತಾರು ಕಂಪ್ಯೂಟರುಗಳಾಗಿ ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಹಾಗೆ ಹುಟ್ಟಿದ ಕಂಪ್ಯೂಟರಿಗೆ ಮುಟ್ಟಲಿಕ್ಕೆ ಮೈ ಇರುವುದಿಲ್ಲ. ಅದು ಸರ್ವರಿನೊಳಗಿನ ಒಂದಷ್ಟು ಫೈಲುಗಳು ಮಾತ್ರ. ವಾಕ್ ಚಿಕಿತ್ಸಾ ಕೇಂದ್ರದ ರೆಕಾರ್ಡಿಂಗುಗಳು ಇದ್ದದ್ದೂ ಅಂಥದ್ದೇ ಒಂದು ಕಂಪ್ಯೂಟರಿನಲ್ಲಿ.

ಹಲವು ವರ್ಷಗಳಿಂದ ಒಂದೇ ಕಂಪೆನಿಯ ಹೈಪರ್‌ವೈಸರ್ ಇತ್ತು. ಅದರ ಲೈಸನ್ಸಿನ ನಿಯಮ ಬದಲಾಗಿ ಬೆಲೆ ಏರಿದ್ದರಿಂದ, ಎಲ್ಲ ಸರ್ವರುಗಳಿಗೂ ಅದನ್ನು ಉಳಿಸಿಕೊಳ್ಳುವುದು ಟ್ರಸ್ಟಿಗೆ ಕಷ್ಟವಾಯಿತು. ಆಡಳಿತಾಧಿಕಾರಿ ಶ್ರೀರಾಮ ಅರ್ಧ ಸರ್ವರುಗಳಲ್ಲಿ ಹಳೆಯದನ್ನು ಇಟ್ಟು, ಉಳಿದರ್ಧಕ್ಕೆ ಉಚಿತವಾಗಿ ಸಿಗುವ ಬೇರೆ ಹೈಪರ್‌ವೈಸರ್ ಹಾಕಿಸಲು ತೀರ್ಮಾನಿಸಿದರು. ಎರಡನ್ನೂ ಒಂದೇ ಪರದೆಯಿಂದ ನೋಡಿಕೊಳ್ಳುವ ಇನ್ನೊಂದು ತಂತ್ರಾಂಶವೂ ಬಂತು.

“ಸರ್, ಹೋಗುದಾದ್ರೆ ಪೂರ್ತಿ ಒಂದಕ್ಕೇ ಹೋಗುವ,” ಅಂದಿದ್ದಳು ಶಾಂಭವಿ. “ಎರಡರ ಕ್ರಮವೇ ಬೇರೆ. ಇದು ಫೈಲು ಇಡುವ ರೀತಿ ಅದಕ್ಕೆ ಅರ್ಥ ಆಗುದಿಲ್ಲ.”

“ಅರ್ಥ ಮಾಡಿಸ್ಲಿಕ್ಕೇ ಅಲ್ವಾ ಈ ಹೊಸ ಪರದೆ ತಂದದ್ದು? ಆಚೆಯಿಂದ ಈಚೆಗೆ ತರ್ಲಿಕ್ಕೆ ಒಂದು ಬಟನ್ ಒತ್ತಿದ್ರೆ ಆಯ್ತು ಅಂತ ಅವರೇ ತೋರಿಸಿದ್ದಾರೆ.”

“ತೋರಿಸುವಾಗ ಎಲ್ಲ ಸರಿಯೇ ಇರ್ತದೆ ಸರ್.”

“ನೋಡುವ, ಶುರು ಮಾಡಿ. ನೀವು ಇದ್ದೀರಲ್ಲ.”

ಅವಳು ಶುರು ಮಾಡಿದಳು. ಮೊದಲು ಸಾಗಿಸಿದ ಕಂಪ್ಯೂಟರುಗಳನ್ನು ಹಳೆಯ ತಂತ್ರಾಂಶದೊಳಗೆ ಹೋಗಿ ಒಂದೊಂದು ಫೈಲನ್ನೂ ನೋಡಿಕೊಂಡೇ ಸಾಗಿಸಿದಳು. ಎಲ್ಲವೂ ಸರಿಯಾಗಿ ಎದ್ದು ಕೂತವು. ಬರಬರುತ್ತಾ ಹೊಸ ಪರದೆಯ ಮೇಲೆ ನಂಬಿಕೆ ಬಂತು. ಅದು ತೋರಿಸಿದಷ್ಟನ್ನು ನೋಡಿ ಬಟನ್ ಒತ್ತತೊಡಗಿದಳು. ವಾಕ್ ಚಿಕಿತ್ಸಾ ಕೇಂದ್ರದ ಸರದಿ ಬಂದದ್ದು ಆಗ.

ಆ ಕಂಪ್ಯೂಟರಿಗೆ ಹಿಂದೆ ಯಾವಾಗಲೋ ಸರ್ವೀಸಿನವರು ಒಂದು ಸ್ನ್ಯಾಪ್‌ಶಾಟ್ ತೆಗೆದು ಹಾಗೇ ಬಿಟ್ಟು ಹೋಗಿದ್ದರು. ಸ್ನ್ಯಾಪ್‌ಶಾಟ್ ಅಂದರೆ ಫೋಟೋ ತೆಗೆದ ಹಾಗೆ. ಆ ಕ್ಷಣಕ್ಕೆ ಡಿಸ್ಕ್ ಹೇಗಿದೆಯೋ ಹಾಗೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಸೇರಿದ್ದೆಲ್ಲ ಬೇರೆಯೇ ಒಂದು ಫೈಲಿಗೆ ಹೋಗುತ್ತದೆ. ಉದಯಣ್ಣನ ಮಾತುಗಳೆಲ್ಲ ಆ ಬೇರೆ ಫೈಲಿನಲ್ಲಿದ್ದವು. ಹೊಸ ಪರದೆ ಎರಡೂ ಹೈಪರ್‌ವೈಸರುಗಳಿಗೆ ಸಮಾನವಾಗಿದ್ದದ್ದನ್ನು ಮಾತ್ರ ತೋರಿಸುತ್ತಿತ್ತು. ಹಳೆಯದರ ಸ್ನ್ಯಾಪ್‌ಶಾಟಿನ ಸುದ್ದಿ ಅದರಲ್ಲಿ ಬರಲೇ ಇಲ್ಲ. ಬಟನ್ ಒತ್ತಿದಾಗ ಮೂಲ ಡಿಸ್ಕ್ ಮಾತ್ರ ಈಚೆಗೆ ಬಂತು. ಕಂಪ್ಯೂಟರು ಹಿಂದಿನ ಕಾಲಕ್ಕೆ ಎಚ್ಚರಗೊಂಡು, ಏನೂ ಆಗದ ಹಾಗೆ ಕೆಲಸಕ್ಕೆ ನಿಂತಿತು.

ಯಾರಿಗೂ ಗೊತ್ತಾಗಲಿಲ್ಲ. ಶಹನಾ ತರಬೇತಿಗೆ ಹೋಗಿದ್ದಳು. ಕೇಂದ್ರದಲ್ಲಿದ್ದವರು ತೆರೆದು ನೋಡಿದಾಗ ಮಕ್ಕಳ ಹಳೆಯ ರೆಕಾರ್ಡಿಂಗುಗಳು ಇದ್ದವು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಸ್ಕ್ಯಾನಿಂಗ್ ವಿಭಾಗಕ್ಕೆ ಜಾಗ ಸಾಲದು ಎಂದು ಶ್ರೀರಾಮ ಅವಸರ ಮಾಡಿದ್ದರಿಂದ ಹಳೆಯ ಡಿಸ್ಕುಗಳನ್ನು ಖಾಲಿ ಮಾಡಿ ಆ ವಿಭಾಗಕ್ಕೆ ಕೊಡಲಾಯಿತು. ಬ್ಯಾಕಪ್ ಪ್ರತಿಗಳು ಎರಡು ವಾರಕ್ಕಿಂತ ಹಳೆಯವಾದರೆ ತಾವಾಗಿ ಅಳಿಯುತ್ತಿದ್ದವು. ಅವೂ ಅಳಿದವು.

ವಿಕಿರಣದ ಸುಸ್ತು ಇಳಿದ ಮೇಲೆ ಉದಯಣ್ಣ ತಮ್ಮ ದನಿ ಕೇಳಲು ಪುತ್ತೂರಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಗೆ ತೆಳ್ಳಗಿನ ಹತ್ತಿಬಟ್ಟೆ. ಬೆಂಗಳೂರಿಗೆ ಕಳಿಸುವ ಮೊದಲು ಒಂದು ಸಲ ಕೇಳಿಸುತ್ತೇನೆ ಎಂದು ಶಹನಾ ಕರೆಸಿದ್ದಳು. ಅವಳು ಕಂಪ್ಯೂಟರು ತೆರೆದಳು, ಇನ್ನೊಮ್ಮೆ ತೆರೆದಳು, ಮೆತ್ತಗೆ ಎದ್ದು ಹೊರಗೆ ಹೋಗಿ ಶಾಂಭವಿಗೆ ಫೋನ್ ಮಾಡಿದಳು.

“ಶಾಂಭವಿ, ಉದಯಣ್ಣನ ಫೋಲ್ಡರ್ ನೀನು ಎಲ್ಲಿಗಾದ್ರೂ ಬದಲಾಯಿಸಿದ್ದೀಯಾ?”

“ಇಲ್ಲ. ಎಂತಕ್ಕೆ?”

“ಇಲ್ಲಿ ಇಲ್ಲ.”

“ಸರಿಯಾಗಿ ನೋಡು ಮಾರಾಯ್ತಿ. ನಿನ್ನ ಲ್ಯಾಪ್‌ಟಾಪಿನಲ್ಲಿ?”

“ರೋಗಿಗಳದ್ದು ಲ್ಯಾಪ್‌ಟಾಪಿನಲ್ಲಿ ಇಡ್ಲಿಕ್ಕೆ ಇಲ್ಲ ಅಂತ ನೀನೇ ರೂಲ್ ಮಾಡಿದ್ದಲ್ವಾ? ಅವತ್ತೇ ಅಳಿಸಿದ್ದೇನೆ.”

ಶಾಂಭವಿ ಹಳೆಯ ತಂತ್ರಾಂಶ ತೆರೆದಳು. ಸಾಗಣೆಯ ಹಿಂದಿನ ದಿನಗಳ ವಿವರ ಅದರಲ್ಲಿ ಇನ್ನೂ ಉಳಿದಿತ್ತು. ಸ್ನ್ಯಾಪ್‌ಶಾಟ್ ಎಂಬ ಪದ ಕಂಡ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಹಳೆಯ ಡಿಸ್ಕುಗಳ ಪಟ್ಟಿ ತೆರೆದಳು. ಆ ಫೈಲು ಇದ್ದ ಡಿಸ್ಕಿನ ಮೇಲೆ ತಿಂಗಳುಗಳಿಂದ ಎಷ್ಟೋ ಜನರ ಎದೆ, ಬೆನ್ನು, ಮೊಣಕಾಲುಗಳ ಚಿತ್ರಗಳು ಬಂದು ಕೂತಿದ್ದವು.

ಅವತ್ತು ಉದಯಣ್ಣನಿಗೆ ಸರ್ವರ್ ಕೆಟ್ಟಿದೆ, ಇನ್ನೊಂದು ದಿನ ಬನ್ನಿ ಎಂದು ಶಹನಾ ಹೇಳಿ ಕಳಿಸಿದಳು. ಅವರು ತಲೆಯಾಡಿಸಿ, ಪರವಾಗಿಲ್ಲ ಎಂಬಂತೆ ಕೈ ಬೀಸಿ ಹೋದರು.

ಶಾಂಭವಿ ಆ ಚಿತ್ರಗಳನ್ನು ಬೇರೆ ಕಡೆಗೆ ಸಾಗಿಸಿ, ಡಿಸ್ಕುಗಳನ್ನು ಕಳಚಿಸಿ, ಅಳಿದದ್ದನ್ನು ಮರಳಿ ತೆಗೆದುಕೊಡುವ ಮಂಗಳೂರಿನವರ ಹತ್ತಿರ ತಾನೇ ಹೊತ್ತುಕೊಂಡು ಹೋದಳು. ಅವರು ಪರೀಕ್ಷೆ ಮಾಡಿ, ಮೇಲೆ ಮೇಲೆ ಬರೆದುಬಿಟ್ಟ ಮೇಲೆ ಅಡಿಯಲ್ಲಿದ್ದದ್ದು ಸಿಗುವುದಿಲ್ಲ ಎಂದರು. ಬೇರೊಬ್ಬರಲ್ಲಿ ಕೇಳಿದಳು. ಅದೇ ಮಾತು. ವಾಪಸು ಬರುವಾಗ ಬಸ್ಸಿನಲ್ಲಿ ಡಿಸ್ಕುಗಳ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

“ತಾಂತ್ರಿಕ ತೊಂದರೆ ಅಂತ ಒಂದು ಮಾತು ಹೇಳಿದ್ರೆ ಸಾಕು,” ಅಂದರು ಶ್ರೀರಾಮ. “ಯಾವುದರಿಂದ ಯಾವುದಕ್ಕೆ ಸಾಗಿಸಿದ್ದು ಅಂತೆಲ್ಲ ಅವರಿಗೆ ಎಂತಕ್ಕೆ?”

“ನಾನು ಹೋಗಿ ಹೇಳ್ತೇನೆ ಸರ್.”

“ನೀವು ಬೇಕು ಅಂತ ಮಾಡಿದ್ದಲ್ಲ ಶಾಂಭವಿ.”

“ಅದು ಗೊತ್ತುಂಟು. ಆದ್ರೆ ಮಾಡಿದ್ದು ನಾನೇ ಅಲ್ವಾ?”

ಶಹನಾಳನ್ನು ಜೊತೆಗೆ ಕರೆದುಕೊಂಡು ಅವಳು ಮರ್ಕಂಜಕ್ಕೆ ಹೋದಳು. ಕುಮುದಿನಿ ಬೆಲ್ಲದ ಕಾಫಿ ತಂದಿಟ್ಟರು. ಇವರು ಹೊಸ ದನಿಯನ್ನೇ ತಂದಿದ್ದಾರೆ ಎಂದುಕೊಂಡು ಉದಯಣ್ಣ ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿ ಕಾದಿದ್ದರು. ಶಾಂಭವಿ ಕಾಫಿ ಮುಟ್ಟಲಿಲ್ಲ. ನಡೆದದ್ದನ್ನು ಅವರಿಗೆ ಅರ್ಥವಾಗುವ ಹಾಗೆ ಹೇಳಿದಳು. ತಾನು ನೋಡಬೇಕಾದಲ್ಲಿ ನೋಡಲಿಲ್ಲ ಎಂಬುದನ್ನೂ ಹೇಳಿದಳು. ಹೇಳುವಾಗ ಅವಳ ಕಣ್ಣು ಅವರ ಕುತ್ತಿಗೆಯ ಬಟ್ಟೆಯ ಮೇಲಿತ್ತು. ಅದು ಉಸಿರಿಗೆ ತಕ್ಕಂತೆ ಒಳಗೆ ಹೊರಗೆ ಆಡುತ್ತಿತ್ತು.

ಉದಯಣ್ಣ ತುಂಬ ಹೊತ್ತು ಟೈಪ್ ಮಾಡಿದರು. ಮೊಬೈಲಿನ ಯಂತ್ರದ ಹೆಣ್ಣುದನಿ, ಯಾವ ಊರಿನದ್ದೂ ಅಲ್ಲದ ಕನ್ನಡದಲ್ಲಿ, “ಎಲ್ಲಾ ಹೋಯಿತಾ” ಎಂದಿತು.

“ಹೌದಣ್ಣ.”

“ಕುಮುದಿನಿ ಜೊತೆ ಮಾತಾಡಿದ್ದು.”

ಅದು ಪ್ರಶ್ನೆ ಎಂದು ಯಂತ್ರಕ್ಕೆ ತಿಳಿಯಲಿಲ್ಲ. ಶಾಂಭವಿಗೆ ತಿಳಿಯಿತು. “ಅದೂ ಹೋಯ್ತು ಅಣ್ಣ.”

ಅವರು ಎದ್ದು ಹಿತ್ತಲಿನ ಬಾಗಿಲಿನಿಂದ ಹೊರಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ನೀರು ಸುರಿಯುವ ಸದ್ದು ಬಂತು. ಕೆಮ್ಮಿದರೂ ಅತ್ತರೂ ಅವರ ಬಾಯಿಂದ ಸದ್ದು ಹೊರಡುವುದಿಲ್ಲ ಎಂಬುದು ಆ ಕ್ಷಣ ಶಾಂಭವಿಗೆ ಹೊಳೆಯಿತು. ಕುಮುದಿನಿ ನೆಲ ನೋಡುತ್ತಾ, “ವಾಟ್ಸಾಪಿನಲ್ಲಿ ಇವರ ದನಿ ಒಂದು ಉಂಟು,” ಅಂದರು. “ನಾನು ತವರಿಗೆ ಹೋಗಿದ್ದಾಗ ಕಳಿಸಿದ್ದು. ‘ಬಸ್ಸು ಸಿಕ್ಕಿತಾ’ ಅಂತ. ಅಷ್ಟೇ. ಒಂದೇ ಮನೆಯಲ್ಲಿ ಇರುವವರು ವಾಯ್ಸ್ ಯಾಕೆ ಕಳಿಸ್ತಾರೆ? ಅಷ್ಟರಲ್ಲಿ ಆಗ್ತದಾ ಶಹನಾ?”

“ಆಗುದಿಲ್ಲ ಅಕ್ಕ.”

ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತು ಹೊರಡಿಸುವ ಯಂತ್ರವನ್ನು ಶಹನಾ ಕೊಡಿಸಿದ್ದಳು. ಉದಯಣ್ಣ ಅದನ್ನು ಒಂದೇ ಸಲ ಬಳಸಿ ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದರು. ಇನ್ನು ಉಳಿದದ್ದು ಒಂದೇ. ಪಂದ್ಯಾಟಗಳಿಗೆ ಮೈಕ್ ಸೆಟ್ ಹಾಕುವ ಅಸ್ಕರ್ ಉದಯಣ್ಣನ ಹಳೆಯ ಗೆಳೆಯ. ಸುದ್ದಿ ಕೇಳಿ ಅವನೇ ಶಾಂಭವಿಗೆ ಫೋನ್ ಮಾಡಿದ. ಅವನ ಸೌಂಡ್ ಮಿಕ್ಸರಿನಲ್ಲಿ ಹಲವು ಪಂದ್ಯಾಟಗಳ ವಿವರಣೆ, ಜನರ ಗಲಾಟೆ ಸೇರದೆ, ನೇರ ಮೈಕಿನಿಂದ ಬಂದದ್ದು ಇತ್ತು. “ಅವರ ದನಿಯೇ ಅಲ್ವಾ ಮೇಡಂ, ಬೇಕಾದಷ್ಟುಂಟು,” ಅಂದ.

ಶಾಂಭವಿ ಅದನ್ನೆಲ್ಲ ಕೇಳಿ, ಕತ್ತರಿಸಿ, ಶುದ್ಧ ಮಾಡಿದಳು. ಈ ಸಲ ಪ್ರತಿಗಳನ್ನು ಮೂರು ಕಡೆ ಇಟ್ಟಳು. ಬೆಂಗಳೂರಿನವರು ದನಿ ತಯಾರಿಸಿ ಕಳಿಸಿದರು. ಅದನ್ನು ಮೊಬೈಲಿಗೆ ಹಾಕಲು ಅವಳು ಮತ್ತೆ ಮರ್ಕಂಜಕ್ಕೆ ಹೋದಾಗ ಭವಿತಾ ರಜೆಗೆ ಬಂದಿದ್ದಳು. ಉದಯಣ್ಣ ಯೋಚಿಸಿ ಮೊದಲ ಮಾತು ಟೈಪ್ ಮಾಡಿದರು.

“ಭವಿತಾ! ಸ್ವಲ್ಪ! ಗಂಜಿ ಬಡಿಸು!”

ಕೊನೆಯ ಕ್ಷಣದಲ್ಲಿ ಎದುರಾಳಿಯ ಹಿಡಿತದಿಂದ ಜಾರಿ ಗೆರೆ ಮುಟ್ಟಿದ ರೈಡರನ್ನು ಕಂಡವರ ಕೂಗು ಅದು. ಪ್ರತಿ ಅಕ್ಷರವೂ ಉದಯಣ್ಣನದ್ದೇ. ಭವಿತಾಗೆ ಫಕ್ಕನೆ ನಗು ಬಂತು. ನಕ್ಕವಳು ಅಪ್ಪನ ಮುಖ ನೋಡಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಅವರು ಇನ್ನೊಂದು ಬರೆದರು. “ಮಳೆ! ಬರುವ ಹಾಗಿದೆ!” ಮತ್ತೊಂದು. “ಕುಮುದಿನಿ! ನಿದ್ದೆ ಬಂತಾ!”

“ಸಾಕು,” ಅಂದರು ಕುಮುದಿನಿ. ಕಿವಿ ಮುಚ್ಚಿಕೊಳ್ಳಲಿಲ್ಲ, ಆದರೆ ಕೈ ಅಲ್ಲಿವರೆಗೆ ಹೋಗಿತ್ತು. “ಸಾಕು, ನಿಲ್ಲಿಸಿ. ನನ್ನ ಹತ್ತಿರ ಯಾವತ್ತೂ ಹೀಗೆ ಮಾತಾಡಿದವರಲ್ಲ ನೀವು.”

“ಸೌಂಡ್ ಕಡಿಮೆ ಮಾಡಿದ್ರೆ...” ಎಂದು ಶಾಂಭವಿ ವಾಲ್ಯೂಮ್ ಇಳಿಸಿದಳು. ದೂರದ ಮೈದಾನದಿಂದ ಕೇಳಿಬಂದ ಹಾಗೆ ಆಯಿತೇ ಹೊರತು ಅದು ಮೆಲುದನಿ ಆಗಲಿಲ್ಲ. ಅವಳು ಬೆಂಗಳೂರಿಗೆ ಬರೆದು ಕೇಳಿದಳು. ಮೆಲ್ಲಗೆ ಮಾತಾಡಿದ ಮಾದರಿಯೇ ಇಲ್ಲದೆ ಮೆಲುದನಿ ಮಾಡಿದರೆ ಅದು ಯಾರದ್ದೋ ಆಗುತ್ತದೆ, ಅವರದ್ದಲ್ಲ ಎಂದು ಉತ್ತರ ಬಂತು.

ಮನೆಯಲ್ಲಿ ಬೇಡವಾದ ದನಿ ಮೈದಾನಕ್ಕಾದರೂ ಆಗಲಿ ಎಂದು ಅಸ್ಕರನಿಗೆ ಅನ್ನಿಸಿತು. ಅರಂತೋಡಿನಲ್ಲಿ ಒಂದು ಭಾನುವಾರ ಹಗಲು ಪಂದ್ಯಾಟ ಇತ್ತು. “ಒಂದು ಮ್ಯಾಚ್, ಒಂದೇ ಒಂದು ಮ್ಯಾಚ್ ನೀವು ಹೇಳ್ಬೇಕು ಉದಯಣ್ಣ,” ಎಂದು ಹಟ ಹಿಡಿದ. ಶಾಂಭವಿಯನ್ನೂ ಬರಹೇಳಿದ. ಅವಳಿಗೂ ಆಸೆ ಹುಟ್ಟಿತು. ಒಂದು ಕಡೆಯಾದರೂ ಆ ದನಿ ಸಲ್ಲಬಹುದು ಎಂದುಕೊಂಡು ಬಸ್ಸು ಹತ್ತಿದಳು.

ವೇದಿಕೆಯ ಮೇಲೆ ಉದಯಣ್ಣ ಕೂತರು, ಕೆಳಗೆ ಮೊದಲ ಸಾಲಿನಲ್ಲಿ ಕುಮುದಿನಿ. ಅಸ್ಕರ್ ಅವರ ಮೊಬೈಲಿಗೆ ವಯರು ಸಿಕ್ಕಿಸಿದ. “ಕ್ರೀಡಾಭಿಮಾನಿಗಳೇ! ಎಲ್ಲರಿಗೂ ನಮಸ್ಕಾರ!” ಎಂದು ಧ್ವನಿವರ್ಧಕಗಳಿಂದ ಹೊಮ್ಮಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೆಲವರು ಕಣ್ಣು ಒರೆಸಿಕೊಂಡರು. ಉದಯಣ್ಣ ಕೈ ಮುಗಿದರು. ಅವರ ಮುಖದಲ್ಲಿ ಬೆಳಕು ಕಂಡು ಶಾಂಭವಿಯ ಎದೆ ತುಂಬಿ ಬಂತು.

ಆಟ ಶುರುವಾಯಿತು. ರೈಡರ್ ಒಳಗೆ ಹೋದ. ಉದಯಣ್ಣನ ಬೆರಳು ಪರದೆಯ ಮೇಲೆ ಓಡಿತು. ರೈಡರ್ ಒಬ್ಬನನ್ನು ಮುಟ್ಟಿ ವಾಪಸು ಬಂದ, ವಿಸಿಲ್ ಆಯಿತು, ಇನ್ನೊಂದು ತಂಡದವನು ರೈಡಿಗೆ ಹೊರಟ. ಆಗ ಮೈಕಿನಿಂದ, “ಇಗೋ ರೈಡರ್ ಒಳಗೆ ಹೋಗಿದ್ದಾನೆ!” ಎಂದು ಬಂತು. ಎರಡನೆಯವನನ್ನು ಕೆಡವಿ ಹಾಕಿದ ಹೊತ್ತಿಗೆ ಮೊದಲನೆಯವನ ಪಾಯಿಂಟಿನ ಘೋಷಣೆ ಬಂತು. ಅವರು ಮಾತು ಗಿಡ್ಡ ಮಾಡಿದರು. ಬರೀ “ಔಟ್!” ಎಂದು ಹಾಕಿದರು. ಅದೂ ತಡವಾಯಿತು. ಔಟ್ ಆಗದವನಿಗೆ ಔಟ್ ಎಂದು ಬಿತ್ತು. ಆಟಗಾರ ನಿಂತು ವೇದಿಕೆಯ ಕಡೆ ನೋಡಿದ. ಅಂಪೈರು ಕೈ ಎತ್ತಿ ಆಟ ನಿಲ್ಲಿಸಿದರು. ಗುಂಪಿನಲ್ಲಿ ಯಾರೋ ನಕ್ಕರು. ಕೆಟ್ಟ ಮನಸ್ಸಿನ ನಗುವಲ್ಲ, ತಡೆಯಲಾಗದೆ ಬಂದದ್ದು. ಆದರೆ ಅದು ಒಬ್ಬರಿಂದ ಒಬ್ಬರಿಗೆ ಹರಡಿತು.

ಉದಯಣ್ಣ ಕೈ ನಿಲ್ಲಿಸಿದರು. ವಯರನ್ನು ತಾವೇ ಕಿತ್ತರು. ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಹೊಸ ವಿವರಣೆಗಾರನ ಮುಂದೆ ಮೈಕನ್ನು ಸರಿಸಿ, ಅವನ ಭುಜ ತಟ್ಟಿ, ಮೆಟ್ಟಿಲು ಇಳಿದರು. ಯಾರೂ ತಡೆಯಲಿಲ್ಲ.

ಅಸ್ಕರನ ಪಿಕಪ್ ರಸ್ತೆ ಬದಿಯಲ್ಲಿ ನಿಂತಿತ್ತು. ಉದಯಣ್ಣ ಮುಂದಿನ ಸೀಟಿನಲ್ಲಿ ಕೂತು ಮೊಬೈಲಿನಲ್ಲಿ ಏನೋ ಮಾಡುತ್ತಿದ್ದರು. ಶಾಂಭವಿ ಹತ್ತಿರ ಹೋದಾಗ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದರು. ದನಿಯನ್ನು ತೆಗೆದುಹಾಕಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಾನು ಬೆಂಗಳೂರಿನವರ ಹತ್ತಿರ ಇನ್ನೊಮ್ಮೆ ಕೇಳ್ತೇನೆ ಅಣ್ಣ, ಬೇರೆ ಯಾವುದಾದ್ರೂ...”

ಕುಮುದಿನಿ ಅವಳ ಕೈ ಹಿಡಿದು ಪಿಕಪ್ಪಿನ ಹಿಂಬದಿಗೆ ಕರೆದುಕೊಂಡು ಹೋದರು.

“ಶಾಂಭವಿ, ನೀವು ಇನ್ನು ಬರುದು ಬೇಡ.”

“ಅಕ್ಕ...”

“ಕೋಪ ಅಲ್ಲ. ದೇವರಾಣೆ ಕೋಪ ಅಲ್ಲ. ನೀವು ಗೇಟಿನ ಹತ್ತಿರ ಕಂಡಾಗೆಲ್ಲ ಇವರಿಗೆ ಆಸೆ ಆಗ್ತದೆ, ಏನಾದ್ರೂ ಸಿಕ್ಕಿತಾ ಅಂತ. ಆಮೇಲೆ ನಾಲ್ಕು ದಿನ ಊಟ ಮಾಡುದಿಲ್ಲ. ನನಗೆ ನೋಡ್ಲಿಕ್ಕೆ ಆಗುದಿಲ್ಲ.”

“ಆಯ್ತಕ್ಕ,” ಅಂದಳು ಶಾಂಭವಿ.

ಮೈದಾನದ ಕಡೆಯಿಂದ ಹೊಸ ವಿವರಣೆಗಾರನ ದನಿ ಜೋರಾಗಿ ಬರುತ್ತಿತ್ತು. ಕುಮುದಿನಿಗೆ ಅವಳ ಮಾತು ಕೇಳಿಸಲಿಲ್ಲ. “ಎಂತ?” ಅಂದರು.

ಶಾಂಭವಿ ತಲೆ ಮಾತ್ರ ಆಡಿಸಿದಳು. ಕುಮುದಿನಿ ಹತ್ತಿ ಕೂತ ಮೇಲೆ ಅಸ್ಕರನ ಕೆಲಸದ ಹುಡುಗ ಪಿಕಪ್ ಹೊರಡಿಸಿದ. ಅವಳು ರಸ್ತೆಯ ಈಚೆ ಬಂದು ಸುಳ್ಯದ ಬಸ್ಸಿಗೆ ನಿಂತಳು. ಮಡಿಕೇರಿ ಕಡೆಯಿಂದ ಸುಳ್ಯಕ್ಕೆ ಹೋಗುವ ಒಂದು ಬಸ್ಸು ಬಂದು, ನಿಧಾನ ಮಾಡಿ, ಅವಳು ಕೈ ಎತ್ತದೆ ಇದ್ದದ್ದರಿಂದ ಮುಂದೆ ಹೋಯಿತು.